3ಎಸ್ ಕ್ರಾಲರ್: ಸರ್ವೋ ಸಿಕ್ಕಿಕೊಂಡರೆ ರಿಸೀವರ್ ಆಫ್, ಲೈಟ್ ಮಂಕು. ವೋಲ್ಟೇಜ್ ಹೇಗೆ ಸರಿಮಾಡಬೇಕು?

ಹಾಸನ_ಟ್ರೈಲ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಅರ್ಧಂಬರ್ಧ ಹೇಳಿದರೆ ನಿಮಗೂ ಉತ್ತರ ಕೊಡುವುದು ಕಷ್ಟ ಅಲ್ವಾ.

ಗಾಡಿ 1/10 ಅಳತೆಯ ಕ್ರಾಲರ್, ಅಂದರೆ ಕಲ್ಲು ಬಂಡೆ ಹತ್ತುವ ರಿಮೋಟ್ ಕಾರು. ಬ್ಯಾಟರಿ 3ಎಸ್ ಲಿಪೋ (ಸಾಲಾಗಿ ಮೂರು ಲಿಥಿಯಂ ಸೆಲ್), 2200 ಎಂಎಎಚ್. ಬ್ರಷ್ ಇರುವ ಮೋಟರ್. ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಒಳಗೇ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಸರ್ವೋ ಮುಂತಾದವಕ್ಕೆ ಕೊಡುವ ಭಾಗ) ಇದೆ, ಮೇಲೆ 6 ವೋಲ್ಟ್ 3 ಆಂಪ್ ಅಂತ ಬರೆದಿದೆ. ಮೊದಲಿದ್ದ ಸಣ್ಣ ಸರ್ವೋಗೆ (ಸ್ಟೀರಿಂಗ್ ತಿರುಗಿಸುವ ಮೋಟರ್) ಕಲ್ಲಿನ ಮೇಲೆ ಚಕ್ರ ತಿರುಗಿಸುವ ಶಕ್ತಿ ಇರಲಿಲ್ಲ. ಅದನ್ನು ತೆಗೆದು 25 ಕೆಜಿ ಬಲದ ಡಿಜಿಟಲ್ ಸರ್ವೋ ಹಾಕಿದೆ. ಅದರ ಮೇಲೆ 4.8ರಿಂದ 6.8 ವೋಲ್ಟ್ ಅಂತ ಇದೆ.

ಮನೆ ಮುಂದೆ ಸಿಮೆಂಟ್ ನೆಲದಲ್ಲಿ ಏನೂ ತೊಂದರೆ ಇಲ್ಲ. ಹೊಳೆ ದಂಡೆಯ ಕಲ್ಲುಗಳ ನಡುವೆ ಮುಂದಿನ ಚಕ್ರ ಸಿಕ್ಕಿಕೊಂಡಾಗ ಸ್ಟೀರಿಂಗ್ ಪೂರ್ತಿ ಎಳೆದರೆ ಸರ್ವೋ ಗುಯ್ ಅನ್ನುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ, ಆಮೇಲೆ ರಿಸೀವರ್‌ನ (ರಿಮೋಟ್‌ನ ಸಿಗ್ನಲ್ ಹಿಡಿಯುವ ಭಾಗ) ಕೆಂಪು ದೀಪ ಆರಿ ಒಂದೆರಡು ಸೆಕೆಂಡು ಗಾಡಿ ಸತ್ತಂತೆ ನಿಲ್ಲುತ್ತದೆ. ಸ್ಟೀರಿಂಗ್ ಬಿಟ್ಟರೆ ಮತ್ತೆ ಜೀವ ಬರುತ್ತದೆ. ಬ್ಯಾಟರಿ ಫುಲ್ ಚಾರ್ಜ್ ಇದ್ದರೂ ಇದೇ ಕಥೆ.

ಲೈಟ್ ವಿಷಯ ಬೇರೆ. ಮುಂದೆ ನಾಲ್ಕು ಬಿಳಿ, ಹಿಂದೆ ನಾಲ್ಕು ಕೆಂಪು ಎಲ್‌ಇಡಿ ಇವೆ. ಅವಕ್ಕೆ ಬ್ಯಾಟರಿಯಿಂದ ಒಂದು 7805 (ವೋಲ್ಟೇಜ್ ಇಳಿಸುವ ಐಸಿ) ಹಾಕಿ 5 ವೋಲ್ಟ್ ಕೊಟ್ಟಿದ್ದೇನೆ. ಅದು ಮುಟ್ಟಲಾರದಷ್ಟು ಬಿಸಿ ಆಗುತ್ತದೆ. ಇನ್ನು ಮೇಲೆ ರೂಫ್‌ಗೆ 12 ವೋಲ್ಟ್ ಲೈಟ್ ಬಾರ್ ಒಂದು ಹಾಕುವ ಆಸೆ.

ಕೇಳಬೇಕಿರುವುದು ಇಷ್ಟು. ಸರ್ವೋಗೆ ವೋಲ್ಟೇಜ್ ಜಾಸ್ತಿ ಮಾಡಿ 6.8 ಕೊಟ್ಟರೆ ಸರಿಹೋಗುತ್ತದಾ? ಎಲ್‌ಎಂ2596 ಮಾಡ್ಯೂಲ್ (ಇದೂ ವೋಲ್ಟೇಜ್ ಇಳಿಸುವ ಸಣ್ಣ ಬೋರ್ಡ್) ಮನೆಯಲ್ಲಿದೆ, ಅದು ಸಾಕಾ? ಲೈಟು, ಸರ್ವೋ, ರಿಸೀವರ್ ಎಲ್ಲಕ್ಕೂ ಒಂದೇ ಕಡೆಯಿಂದ ಕೊಡಬಹುದಾ?


ಬೆಸುಗೆ_ಕಡ್ಡಿ:

ನಿಮ್ಮದು ವೋಲ್ಟೇಜ್ ಕಮ್ಮಿ ಇರುವ ಸಮಸ್ಯೆ ಅಲ್ಲ ಸರ್, ವೋಲ್ಟೇಜ್ ನಿಲ್ಲದೆ ಕುಸಿಯುವ ಸಮಸ್ಯೆ. ಎರಡೂ ಬೇರೆ ಬೇರೆ. ಬಿಇಸಿ ಸುಮ್ನೆ ಇದ್ದಾಗ 6 ವೋಲ್ಟ್ ಸರಿಯಾಗೇ ಕೊಡುತ್ತಿದೆ. ಸರ್ವೋ ಸಿಕ್ಕಿಕೊಂಡಾಗ ಅದು ಕೇಳುವ ಕರೆಂಟ್ ಕೊಡಲಾಗದೆ ವೋಲ್ಟೇಜ್ ಬಿದ್ದುಹೋಗುತ್ತದೆ. ಅದೇ ತಂತಿಯಲ್ಲಿ ರಿಸೀವರ್ ಕೂಡ ಇದೆ. ಹಲವು ರಿಸೀವರ್‌ಗಳಿಗೆ ಕನಿಷ್ಠ 4 ವೋಲ್ಟ್ ಬೇಕು. ಅದಕ್ಕಿಂತ ಕೆಳಗೆ ಹೋದರೆ ಆಫ್ ಆಗಿ ಮತ್ತೆ ಶುರುವಾಗುತ್ತದೆ. ನೀವು ನೋಡುತ್ತಿರುವ ಆ ಒಂದೆರಡು ಸೆಕೆಂಡು ಅದೇ.

ಸರ್ವೋ ಒಳಗೆ ಇರುವುದು ಒಂದು ಸಣ್ಣ ಡಿಸಿ ಮೋಟರ್. ತಿರುಗುತ್ತಿರುವಾಗ ಅದು ಕರೆಂಟ್ ಕಮ್ಮಿ ಎಳೆಯುತ್ತದೆ. ತಿರುಗಲಾಗದೆ ನಿಂತಾಗ ಅತಿ ಹೆಚ್ಚು. ಎಲ್ಲರ ಹತ್ತಿರ ಇರುವ ಎಂಜಿ996ಆರ್ ಸರ್ವೋ ತೆಗೆದುಕೊಳ್ಳಿ, 6 ವೋಲ್ಟ್‌ನಲ್ಲಿ ನಡೆಯುವಾಗ 0.5ರಿಂದ 0.9 ಆಂಪ್, ನಿಂತಾಗ 2.5 ಆಂಪ್ ಅಂತ ಅದರ ಡೇಟಾಶೀಟಲ್ಲೇ ಇದೆ. 25 ಕೆಜಿ ಸರ್ವೋ 3 ಆಂಪ್ ದಾಟುವುದು ಸಾಮಾನ್ಯ. ಇಎಸ್‌ಸಿ ಮೇಲೆ ಬರೆದ 3 ಆಂಪ್ ಬಹಳ ಸಲ ಕ್ಷಣಮಾತ್ರದ ಲೆಕ್ಕ, ಸತತ ಕೊಡುವುದು ಅದಕ್ಕಿಂತ ಕಮ್ಮಿ. ಅದರ ಪಕ್ಕದಲ್ಲೇ ಮೋಟರಿನ ಮಾಸ್‌ಫೆಟ್‌ಗಳೂ (ಕರೆಂಟ್ ಹರಿಸಿ ತಡೆಯುವ ಸ್ವಿಚ್‌ಗಳು) ಬಿಸಿ ಆಗುತ್ತಿರುತ್ತವೆ. ಕ್ರಾಲರ್‌ನಲ್ಲಿ ಗಾಳಿ ಓಡಾಟವೂ ಇಲ್ಲ.

6.8ಕ್ಕೆ ಏರಿಸಿದರೆ ಇದು ಇನ್ನೂ ಕೆಡುತ್ತದೆ. ವೋಲ್ಟೇಜ್ ಏರಿದಷ್ಟೂ ನಿಂತ ಮೋಟರ್ ಎಳೆಯುವ ಕರೆಂಟ್ ಏರುತ್ತದೆ. ಬಿಸಿ ಮಾತ್ರ ವೋಲ್ಟೇಜಿನ ವರ್ಗದಷ್ಟು ಏರುತ್ತದೆ. 6ರಿಂದ 6.8ಕ್ಕೆ ಹೋದರೆ ಸಿಕ್ಕಿಕೊಂಡ ಸರ್ವೋದಲ್ಲಿ ಬಿಸಿ ಸುಮಾರು 28 ಶೇಕಡಾ ಜಾಸ್ತಿ. ಹೊಸ ಶಕ್ತಿ ಸಿಗುವುದು ನಿಜ, ಆದರೆ ಲೇಬಲ್‌ನ ಕೊನೆಯ ಅಂಕಿಗೆ ತಾಗಿಸಿ ಓಡಿಸಬೇಡಿ. 6.0ರಿಂದ 6.4 ಒಳ್ಳೆಯ ಜಾಗ.

ಈ 4.8, 6.0, 7.4 ಅನ್ನುವ ಅಂಕಿಗಳು ಬಂದಿದ್ದು ಬ್ಯಾಟರಿಯಿಂದ. ಹಿಂದೆ ರಿಸೀವರ್‌ಗೆ ಬೇರೆಯೇ ಪ್ಯಾಕ್ ಇರುತ್ತಿತ್ತು. 1.2 ವೋಲ್ಟ್‌ನ ನಿಕಲ್ ಸೆಲ್ ನಾಲ್ಕು ಸೇರಿಸಿದರೆ 4.8, ಐದು ಸೇರಿಸಿದರೆ 6.0. 2ಎಸ್ ಲಿಪೋ ಬಂದ ಮೇಲೆ 7.4. ಆ ಪ್ಯಾಕ್ ಬೇಡ ಮಾಡಿ ಮೋಟರಿನ ಬ್ಯಾಟರಿಯಿಂದಲೇ ಕೊಡಲು ಬಂದದ್ದು ಬಿಇಸಿ. ಆ ನಿಕಲ್ ಪ್ಯಾಕ್‌ಗಳು ನಾಲ್ಕೈದು ಆಂಪ್ ಸಲೀಸಾಗಿ ಕೊಡುತ್ತಿದ್ದವು. ಸಣ್ಣ ಬಿಇಸಿಗೆ ಆ ತಾಕತ್ತಿಲ್ಲ.

ಹಾಗಾಗಿ ಹೊರಗಿನ ಬಿಇಸಿ ಒಂದು ಹಾಕಿ. ಸ್ವಿಚಿಂಗ್ ಬಗೆಯದು (ಬಿಸಿ ಕಮ್ಮಿ ಆಗುವಂಥದ್ದು), 6 ವೋಲ್ಟ್, ಸತತ 5 ಆಂಪ್‌ಗೆ ಕಮ್ಮಿ ಇಲ್ಲದ್ದು. ಕ್ಯಾಸಲ್ ಕಂಪನಿಯ 10 ಆಂಪ್ ಬಿಇಸಿ ಕ್ರಾಲರ್ ಓಡಿಸುವವರಲ್ಲಿ ಹೆಸರಾದದ್ದು, ಆದರೆ ಅದರ ವೋಲ್ಟೇಜ್ ಬದಲಿಸಲು ಕ್ಯಾಸಲ್ ಲಿಂಕ್ ಅನ್ನುವ ಯುಎಸ್‌ಬಿ ಸಾಧನ ಬೇಕು. ಜಂಪರ್ (ಪಿನ್‌ಗಳನ್ನು ಜೋಡಿಸುವ ಸಣ್ಣ ಕ್ಯಾಪ್) ಹಾಕಿ 5 ಅಥವಾ 6 ಆರಿಸುವ ಬಿಇಸಿಗಳೂ ಸಿಗುತ್ತವೆ. ಬ್ಯಾಟರಿಯಿಂದ ಎಳೆಯುವ ಕರೆಂಟ್ ಬಗ್ಗೆ ಹೆದರಬೇಡಿ. 6 ವೋಲ್ಟ್ 5 ಆಂಪ್ ಅಂದರೆ 30 ವ್ಯಾಟ್, ನಷ್ಟ ಸೇರಿಸಿ 35 ಅಂದುಕೊಂಡರೂ 3ಎಸ್‌ನಿಂದ ಮೂರು ಚಿಲ್ಲರೆ ಆಂಪ್ ಅಷ್ಟೇ.

ವೈರಿಂಗ್ ಹೀಗೆ ಮಾಡಿ. ಬಿಇಸಿಯ ಇನ್‌ಪುಟ್ ತಂತಿಗಳು ಇಎಸ್‌ಸಿಯ ಬ್ಯಾಟರಿ ತಂತಿಗೆ. ಔಟ್‌ಪುಟ್‌ನ ಕೆಂಪು, ಕಪ್ಪು ನೇರ ಸರ್ವೋದ ಕೆಂಪು, ಕಪ್ಪಿಗೆ. ರಿಸೀವರ್‌ನಿಂದ ಸರ್ವೋಗೆ ಸಿಗ್ನಲ್ ಮತ್ತು ಗ್ರೌಂಡ್ ಮಾತ್ರ, ಅಲ್ಲಿ ಕೆಂಪು ತಂತಿ ಬೇಡ. ರಿಸೀವರ್‌ಗೆ ಇಎಸ್‌ಸಿಯ ಹಳೇ ಬಿಇಸಿ ಇದ್ದೇ ಇದೆ. ಸರ್ವೋ ಎಷ್ಟು ಒದ್ದಾಡಿದರೂ ರಿಸೀವರ್‌ಗೆ ಗೊತ್ತೇ ಆಗುವುದಿಲ್ಲ. ಗ್ರೌಂಡ್ ಎಲ್ಲವೂ ಒಂದೇ ಇರಬೇಕು, ಇಲ್ಲದಿದ್ದರೆ ಸರ್ವೋ ಮನಸ್ಸಿಗೆ ಬಂದಂತೆ ನಡುಗುತ್ತದೆ.

ಇನ್ನೊಂದು ದಾರಿ, ಹೊಸ ಬಿಇಸಿಯನ್ನು ರಿಸೀವರ್‌ಗೇ ಚುಚ್ಚುವುದು. ಆಗ ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಪ್ಲಗ್‌ನ ನಡುವಿನ ಕೆಂಪು ತಂತಿಯನ್ನು ಪಿನ್ ಸಮೇತ ಹೊರಗೆಳೆದು ಟೇಪ್ ಸುತ್ತಲೇಬೇಕು. ಎರಡು ಬಿಇಸಿಗಳ ಔಟ್‌ಪುಟ್ ಒಂದಕ್ಕೊಂದು ತಾಗಬಾರದು. ಇದು ಸುಲಭ, ಆದರೆ ಸರ್ವೋದ ಕರೆಂಟ್ ಪೂರ್ತಿ ರಿಸೀವರ್‌ನ ಸಣ್ಣ ಪಿನ್‌ಗಳ ಮೂಲಕ ಹರಿಯುತ್ತದೆ. ನನಗೆ ಮೊದಲನೆಯದೇ ಇಷ್ಟ.


ತುಂಗಾತೀರ:

ಇಷ್ಟೆಲ್ಲ ಯಾಕೆ? ರಿಸೀವರ್‌ನ ಖಾಲಿ ಚಾನೆಲ್‌ಗೆ ಒಂದು 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಚುಚ್ಚಿ ಸಾಕು. ನಾನು ನಮ್ಮ ರೇಸ್ ಬಗ್ಗಿಗೆ (ವೇಗದ ರಿಮೋಟ್ ಕಾರು) ಹಾಕಿದ ಮೇಲೆ ಗ್ಲಿಚ್ ಅನ್ನುವುದೇ ಇಲ್ಲ. ಮೊದಲು ಅಗ್ಗದ ದಾರಿ ನೋಡಿ, ಆಮೇಲೆ ದುಡ್ಡು ಹಾಕಿ.


ಬೆಸುಗೆ_ಕಡ್ಡಿ:

ಬಗ್ಗಿಗೆ ಅದು ಸರಿ. ಕ್ರಾಲರ್‌ಗೆ ಸಾಲದು. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ.

4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ವೋಲ್ಟ್ ಇಳಿಯುವಷ್ಟರಲ್ಲಿ ಬಿಡುವ ಚಾರ್ಜ್ 4.7 ಮಿಲಿಕೂಲಂಬ್. ಬಿಇಸಿ ಕೊಡಲಾಗದ ಕೊರತೆ 3 ಆಂಪ್ ಅಂದುಕೊಳ್ಳಿ. ಆ ಚಾರ್ಜ್ ಒಂದೂವರೆ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಬಗ್ಗಿಯಲ್ಲಿ ಸರ್ವೋ ಚಟ್ಟನೆ ದಿಕ್ಕು ಬದಲಿಸುವಾಗ ಕ್ಷಣಕಾಲ ಕರೆಂಟ್ ಜಿಗಿಯುತ್ತದೆ, ಅಷ್ಟಕ್ಕೆ ಕೆಪಾಸಿಟರ್ ಸಾಕು. ಕ್ರಾಲರ್ ಸರ್ವೋ ಕಲ್ಲಿಗೆ ಒತ್ತಿಕೊಂಡು ಎರಡು ಮೂರು ಸೆಕೆಂಡು ನಿಂತಿರುತ್ತದೆ. ಅಷ್ಟು ಹೊತ್ತು ತಡೆಯುವ ಕೆಪಾಸಿಟರ್ ಗಾಡಿಯಲ್ಲಿ ಹಿಡಿಸುವುದಿಲ್ಲ.

ಹಾಕಬೇಡಿ ಅನ್ನುತ್ತಿಲ್ಲ. ಹೊಸ ಬಿಇಸಿ ಜೊತೆ ಹಾಕಿದರೆ ಒಳ್ಳೆಯದೇ. 16 ವೋಲ್ಟ್‌ನದು, ಲೋ ಇಎಸ್‌ಆರ್ (ಒಳಗಿನ ಪ್ರತಿರೋಧ ಕಮ್ಮಿ ಇರುವ) ಬಗೆಯದು ತೆಗೆದುಕೊಳ್ಳಿ, ಪ್ಲಸ್ ಮೈನಸ್ ನೋಡಿ ಹಾಕಿ. ಉಲ್ಟಾ ಹಾಕಿದರೆ ಒಡೆಯುತ್ತದೆ.


ಕಲ್ಲುಬಂಡೆ:

ಮೇಲೆ ಹೇಳಿದ್ದೆಲ್ಲ ಸರಿ. ಅದಕ್ಕೂ ಮೊದಲು ಖರ್ಚಿಲ್ಲದ ಕೆಲಸ ಒಂದಿದೆ, ಅದನ್ನು ಮಾಡಿ ಅಣ್ಣ. ಟ್ರಾನ್ಸ್‌ಮಿಟರ್‌ನಲ್ಲಿ ಸ್ಟೀರಿಂಗ್ ಎಂಡ್ ಪಾಯಿಂಟ್ (ಸರ್ವೋ ಎಷ್ಟು ತಿರುಗಬೇಕು ಅನ್ನುವ ಮಿತಿ) ನೋಡಿ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಇಟ್ಟು ಚಕ್ರ ಗಾಳಿಯಲ್ಲಿರುವಂತೆ ಮಾಡಿ. ಸ್ಟೀರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ ಹಿಡಿದುಕೊಳ್ಳಿ. ಸರ್ವೋ ಗುಯ್ ಅಂದರೆ ಆಕ್ಸಲ್‌ನ ನಕಲ್ (ಚಕ್ರ ತಿರುಗುವ ಕೀಲು) ಆಗಲೇ ಕೊನೆ ಮುಟ್ಟಿದೆ, ಸರ್ವೋ ಮಾತ್ರ ಇನ್ನೂ ತಳ್ಳುತ್ತಿದೆ ಅಂತ ಅರ್ಥ. ಕಲ್ಲೇ ಬೇಡ, ಪ್ರತಿ ತಿರುವಿನಲ್ಲೂ ಅದು ಸಿಕ್ಕಿಕೊಂಡ ಹಾಗೇ. ಶಬ್ದ ನಿಲ್ಲುವ ತನಕ ಎಂಡ್ ಪಾಯಿಂಟ್ ಕಮ್ಮಿ ಮಾಡಿ, ಆಮೇಲೆ ಇನ್ನೊಂದು ಕಡೆ. ಎಡಕ್ಕೂ ಬಲಕ್ಕೂ ಅಂಕಿ ಬೇರೆ ಬರುವುದು ಮಾಮೂಲಿ. ಸರ್ವೋ ಹಾರ್ನ್ (ಸರ್ವೋ ಮೇಲೆ ಕೂರುವ ತೋಳು) ಸರಿಯಾಗಿ ನಡುವಿಗೆ ಕೂತಿದೆಯಾ ಅದೂ ನೋಡಿ. ಸಣ್ಣ ಸರ್ವೋ ತೆಗೆದು ದೊಡ್ಡದು ಹಾಕಿದವರಲ್ಲಿ ಹಳೇ ಸೆಟ್ಟಿಂಗ್ ಹಾಗೇ ಬಿಟ್ಟವರೇ ಜಾಸ್ತಿ. ಹಳೇ ಸರ್ವೋಗೆ ತಳ್ಳುವ ಶಕ್ತಿ ಇರಲಿಲ್ಲ, ಹಾಗಾಗಿ ತೊಂದರೆ ಕಾಣುತ್ತಿರಲಿಲ್ಲ. 25 ಕೆಜಿಯದು ಆಕ್ಸಲ್ ಲಿಂಕನ್ನೇ ಬಗ್ಗಿಸುತ್ತದೆ.

ಕಲ್ಲಲ್ಲಿ ಓಡಿಸುವಾಗ ಕೈಯೂ ಸ್ವಲ್ಪ ಕಲಿಯಬೇಕು. ಚಕ್ರ ಸಿಕ್ಕಿಕೊಂಡಾಗ ಸ್ಟೀರಿಂಗ್ ಹಿಡಿದು ಕಾಯಬೇಡಿ. ಸ್ವಲ್ಪ ಹಿಂದೆ ಬನ್ನಿ, ತಿರುಗಿಸಿ, ಮತ್ತೆ ಹತ್ತಿ. ರಾಮನಗರದ ಕಡೆ ಬಂಡೆಗಳ ಮೇಲೆ ಓಡಿಸುವಾಗ ನಾವು ಹೊಸಬರಿಗೆ ಮೊದಲು ಹೇಳುವುದೇ ಇದು. ಸರ್ವೋ ಉಳಿಯುತ್ತದೆ, ಗಾಡಿಯೂ ಚೆನ್ನಾಗಿ ಹತ್ತುತ್ತದೆ.

ಇನ್ನೊಂದು ಮಾತು. ಮುಂದೆ ಸರ್ವೋ ಬದಲಿಸುವುದಾದರೆ ಹೈ ವೋಲ್ಟೇಜ್ ಸರ್ವೋ ನೋಡಿ, 8.4 ವೋಲ್ಟ್ ತನಕ ತಡೆಯುವಂಥದ್ದು. 2ಎಸ್ ಗಾಡಿ ಆದರೆ ಅದನ್ನು ಬ್ಯಾಟರಿಗೆ ನೇರ ಹಾಕಬಹುದು, ಬಿಇಸಿಯೇ ಬೇಡ. ನಿಮ್ಮ 3ಎಸ್‌ನಲ್ಲಿ ಹಾಗೆ ಮಾಡಬೇಡಿ, 12.6 ವೋಲ್ಟ್ ಹೋಗಿ ಸರ್ವೋ ಸುಟ್ಟುಹೋಗುತ್ತದೆ. 3ಎಸ್‌ಗೆ ನೇರ ಹಾಕುವಂಥ ಸರ್ವೋಗಳೂ ಬಂದಿವೆ, ಆದರೆ ಲೇಬಲ್ ಮೇಲೆ ಹಾಗೆ ಬರೆದಿದ್ದರೆ ಮಾತ್ರ. ಮತ್ತೆ, ಸರ್ವೋ 8.4 ತಡೆಯುತ್ತದೆ ಅಂತ ರಿಸೀವರ್ ಕೂಡ ತಡೆಯಬೇಕಿಲ್ಲ. ಫ್ಲೈಸ್ಕೈ ಕಂಪನಿಯ ರಿಸೀವರ್‌ಗಳಲ್ಲೇ 6.5 ವೋಲ್ಟ್ ಮಿತಿಯವು ಬಹಳ ಇವೆ.


ಹಾಸನ_ಟ್ರೈಲ್:

ಎಲ್ಲರಿಗೂ ಥ್ಯಾಂಕ್ಸ್. ಎಂಡ್ ಪಾಯಿಂಟ್ ನೋಡಿದೆ, ಬಲಗಡೆ ಗುಯ್ ಶಬ್ದ ಇತ್ತು, ಕಮ್ಮಿ ಮಾಡಿದೆ. ಸಿಮೆಂಟ್ ನೆಲದಲ್ಲಿ ಸರ್ವೋ ಈಗ ಬೆಚ್ಚಗೂ ಆಗುವುದಿಲ್ಲ. ಕಲ್ಲಲ್ಲಿ ಸಿಕ್ಕಿಕೊಂಡರೆ ರಿಸೀವರ್ ಇನ್ನೂ ಆರುತ್ತದೆ, ಹಾಗಾಗಿ ಬಿಇಸಿ ಬೇಕೇ ಬೇಕು ಅಂತ ಆಯಿತು.

ಹಾಸನದಲ್ಲಿ ಈ ಸಾಮಾನು ಸಿಗುವುದಿಲ್ಲ, ತರಿಸಬೇಕು. ಬರುವ ತನಕ ಮನೆಯಲ್ಲಿರುವ ಎಲ್‌ಎಂ2596 ಹಾಕಿ ನಡೆಸಬಹುದಾ? ಇನ್ನೊಂದು ಪ್ರಶ್ನೆ. ತಮ್ಮನ ಹತ್ತಿರ ಡಬ್ಲ್ಯುಪಿಎಲ್ ಕಂಪನಿಯ ಸಣ್ಣ ರಿಮೋಟ್ ಟ್ರಕ್ ಇದೆ, ಒಳಗಿನ ಬೋರ್ಡ್ ತೆಗೆದು ಬೇರೆ ರಿಸೀವರ್, ಇಎಸ್‌ಸಿ ಹಾಕಿದ್ದಾನೆ. 2ಎಸ್ ಬ್ಯಾಟರಿ. ಅದಕ್ಕೂ ಇದೇ ಮಾಡ್ಯೂಲ್ ಆಗುತ್ತದಾ?

ಮತ್ತೆ ಲೈಟಿಗೆ ಒಬ್ಬರು ಬೇರೆ ಉಪಾಯ ಹೇಳಿದರು. 3ಎಸ್‌ನ ಬ್ಯಾಲೆನ್ಸ್ ಪ್ಲಗ್‌ನಿಂದ (ಪ್ರತಿ ಸೆಲ್‌ಗೂ ತಂತಿ ಇರುವ ಸಣ್ಣ ಪ್ಲಗ್) ಎರಡು ಸೆಲ್ ಮಾತ್ರ ತೆಗೆದುಕೊಂಡರೆ 7.4 ಸಿಗುತ್ತದೆ, ರೆಗ್ಯುಲೇಟರ್ ಬಿಸಿ ಆಗುವುದಿಲ್ಲ ಅಂತ. ಸರಿಯಾ?


ಎಸ್‌ಪಿ_ರೋಡ್_ಗಿರಾಕಿ:

ಬ್ಯಾಲೆನ್ಸ್ ಪ್ಲಗ್ ವಿಷಯ ಮೊದಲು. ದಯವಿಟ್ಟು ಮಾಡಬೇಡಿ. ಎರಡು ಸೆಲ್ ಲೈಟಿಗೂ ಮೋಟರಿಗೂ ಖರ್ಚಾಗುತ್ತವೆ, ಮೂರನೆಯದು ಮೋಟರಿಗೆ ಮಾತ್ರ. ಓಡಿಸಿದಷ್ಟೂ ಆ ಎರಡು ಹಿಂದೆ ಬೀಳುತ್ತವೆ. ಇಎಸ್‌ಸಿ ನೋಡುವುದು ಪ್ಯಾಕ್‌ನ ಒಟ್ಟು ವೋಲ್ಟೇಜ್. ಒಟ್ಟು 10.2 ಇದ್ದು, ಮೂರನೇ ಸೆಲ್ 3.8ರಲ್ಲೂ ಉಳಿದೆರಡು 3.2ರಲ್ಲೂ ಇದ್ದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಲಿಪೋ ಊದಿಕೊಳ್ಳಲು ಇದು ನೇರ ದಾರಿ. ಬ್ಯಾಟರಿಯಿಂದ ಏನೇ ತೆಗೆದುಕೊಂಡರೂ ಮೂರೂ ಸೆಲ್‌ಗಳ ಎರಡು ತುದಿಯಿಂದ ತೆಗೆದುಕೊಳ್ಳಿ.

ಈಗ 7805. ಇದು ಲೀನಿಯರ್ ರೆಗ್ಯುಲೇಟರ್, ಬೇಡದ ವೋಲ್ಟೇಜನ್ನು ಬಿಸಿ ಮಾಡಿ ಹೊರಗೆ ಹಾಕುತ್ತದೆ, ಬೇರೆ ಏನೂ ಮಾಡುವುದಿಲ್ಲ. ಬ್ಯಾಟರಿ 12.6 ಇದ್ದಾಗ ಅದರ ಮೇಲೆ ಉಳಿಯುವುದು 7.6 ವೋಲ್ಟ್. ನಿಮ್ಮ ಎಂಟು ಎಲ್‌ಇಡಿ ಸೇರಿ 160 ಮಿಲಿಆಂಪ್ ಅಂದರೆ 1.2 ವ್ಯಾಟ್ ಬಿಸಿ. ಹೀಟ್‌ಸಿಂಕ್ ಇಲ್ಲದ ಈ ಗಾತ್ರದ ರೆಗ್ಯುಲೇಟರ್ ಪ್ರತಿ ವ್ಯಾಟ್‌ಗೆ ಸುಮಾರು 65 ಡಿಗ್ರಿ ಏರುತ್ತದೆ. ಅಂದರೆ ಹೊರಗಿನ ಬಿಸಿಗಿಂತ ಸುಮಾರು 80 ಡಿಗ್ರಿ ಮೇಲೆ. ನೀವು ಮುಟ್ಟಿ ನೋಡಿದ್ದು ಅದೇ, ಅದು ಕೆಟ್ಟಿಲ್ಲ. ಹೀಟ್‌ಸಿಂಕ್ ಇಲ್ಲದೆ ಅದರಿಂದ ಅರ್ಧ ಆಂಪ್ ತೆಗೆಯಲು ಹೋದರೆ 3.8 ವ್ಯಾಟ್ ಆಗುತ್ತದೆ, ಸುಮಾರು 150 ಡಿಗ್ರಿ ದಾಟುವಾಗ ಒಳಗಿನ ಥರ್ಮಲ್ ಶಟ್‌ಡೌನ್ ಕೆಲಸ ಮಾಡಿ ಲೈಟ್ ಆರುತ್ತದೆ. ತಣ್ಣಗಾದರೆ ಮತ್ತೆ ಹತ್ತುತ್ತದೆ. ಹಳೇ ರಿಮೋಟ್ ವಿಮಾನದ ಇಎಸ್‌ಸಿ ಮ್ಯಾನುಯಲ್‌ಗಳಲ್ಲಿ 2ಎಸ್‌ಗೆ ಇಷ್ಟು ಸರ್ವೋ, 3ಎಸ್‌ಗೆ ಅದಕ್ಕಿಂತ ಕಮ್ಮಿ ಅಂತ ಕೋಷ್ಟಕ ಇರುತ್ತಿದ್ದುದು ಇದೇ ಕಾರಣಕ್ಕೆ, ಅವುಗಳ ಬಿಇಸಿ ಲೀನಿಯರ್.

ಎಲ್‌ಎಂ2596 ಸ್ವಿಚಿಂಗ್ ಬಗೆಯದು, ಹಾಗಾಗಿ ಬಿಸಿ ಕಮ್ಮಿ. ಡೇಟಾಶೀಟ್‌ನಲ್ಲಿ 3 ಆಂಪ್ ಅಂತ ಇದೆ. ಸಣ್ಣ ಬೋರ್ಡ್ ಮೇಲೆ ಹೀಟ್‌ಸಿಂಕ್ ಇಲ್ಲದೆ 2 ಆಂಪ್ ಅಂತ ಲೆಕ್ಕ ಇಟ್ಟುಕೊಳ್ಳಿ. ಲೈಟಿಗೆ ಅದು ತುಂಬಾ ಚೆನ್ನಾಗಿದೆ. 25 ಕೆಜಿ ಸರ್ವೋಗೆ ತಾತ್ಕಾಲಿಕವಾಗಿಯೂ ನಾನು ಹಾಕುವುದಿಲ್ಲ. ಕರೆಂಟ್ ಒಂದೇ ಕಾರಣ ಅಲ್ಲ. ಆ ನೀಲಿ ಪಾಟ್ (ವೋಲ್ಟೇಜ್ ಹೊಂದಿಸುವ ಸ್ಕ್ರೂ ಇರುವ ಭಾಗ) ಇದೆಯಲ್ಲ, ಅದು ಗಾಡಿಯ ಕುಲುಕಾಟಕ್ಕೆ ಮಾಡಿದ್ದಲ್ಲ. ಬಹುತೇಕ ಈ ಮಾಡ್ಯೂಲ್‌ಗಳಲ್ಲಿ ಪಾಟ್‌ನ ಒಳಸಂಪರ್ಕ ಬಿಟ್ಟುಕೊಂಡರೆ ಔಟ್‌ಪುಟ್ ಕೆಳಗೆ ಬರುವುದಿಲ್ಲ, ಮೇಲೆ ಹೋಗುತ್ತದೆ, ಬ್ಯಾಟರಿಯ ವೋಲ್ಟೇಜ್ ಹತ್ತಿರಕ್ಕೆ. ಎಲ್‌ಇಡಿ ಹೋದರೆ ಹೋಗಲಿ ಅನ್ನಬಹುದು, ಸರ್ವೋ ಹೋದರೆ ನೋವಾಗುತ್ತದೆ. ಲೈಟಿಗೆ ಬಳಸುವಾಗಲೂ ಮೊದಲು ಏನೂ ಜೋಡಿಸದೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಹೊಂದಿಸಿ. ಪಾಟ್ ಬಹಳ ಸುತ್ತು ತಿರುಗುತ್ತದೆ, ಶುರುವಿನಲ್ಲಿ ಏನೂ ಬದಲಾಗದಿದ್ದರೆ ಗಾಬರಿ ಬೇಡ. ಆಮೇಲೆ ಸ್ಕ್ರೂ ಮೇಲೆ ನೇಲ್ ಪಾಲಿಶ್ ಹಚ್ಚಿ, ಅಲುಗಾಡುವುದಿಲ್ಲ.

ತಮ್ಮನ 2ಎಸ್ ಟ್ರಕ್‌ಗೆ ಲೆಕ್ಕ ಬೇರೆ. ಎಲ್‌ಎಂ2596 ಥರದ ಬಕ್ ಕನ್ವರ್ಟರ್ ವೋಲ್ಟೇಜ್ ಇಳಿಸುತ್ತದೆ ಅಷ್ಟೇ, ಏರಿಸುವುದಿಲ್ಲ. ಇಳಿಸಲು ಎಲ್‌ಎಂ2596ಗೆ ಒಂದರಿಂದ ಒಂದೂವರೆ ವೋಲ್ಟ್ ಅಂತರವೂ ಬೇಕು. 2ಎಸ್ ಫುಲ್ ಇದ್ದಾಗ 8.4, ಆಗ 6 ವೋಲ್ಟ್ ಆರಾಮಾಗಿ ಬರುತ್ತದೆ. ಬ್ಯಾಟರಿ ಇಳಿದು, ಮೋಟರ್ ಎಳೆಯುವಾಗ 6.8 ಆಗಿರುತ್ತದೆ. ಆಗ 6 ಕೇಳಿದರೆ ಐದೂಕಾಲೋ ಐದೂವರೆಯೋ ಬರುತ್ತದೆ. ಆದ್ದರಿಂದ 2ಎಸ್‌ನಲ್ಲಿ ಅದನ್ನು 5 ವೋಲ್ಟ್‌ಗೆ ಇಟ್ಟುಕೊಳ್ಳಿ. ಎಸ್‌ಜಿ90 ಥರದ ಸಣ್ಣ ಸರ್ವೋಗೆ 4.8 ಸಾಕು. ಜಾಸ್ತಿ ಆಂಪ್ ಇದೆ ಅಂತ ಎಕ್ಸ್‌ಎಲ್4015 ಮಾಡ್ಯೂಲ್ ತರಿಸುವವರೂ ಇದ್ದಾರೆ, 5 ಆಂಪ್ ನಿಜ, ಆದರೆ ಅದರ ಇನ್‌ಪುಟ್ ಶುರುವಾಗುವುದೇ 8 ವೋಲ್ಟ್‌ನಿಂದ. 3ಎಸ್‌ಗೆ ಸರಿ, 2ಎಸ್‌ಗೆ ತರಬೇಡಿ. ಯಾವುದನ್ನು ಕೊಳ್ಳುವಾಗಲೂ ಬ್ಯಾಟರಿ ತುಂಬಿದಾಗಿನ ವೋಲ್ಟೇಜ್ ಜೊತೆ ಖಾಲಿ ಆಗುವಾಗಿನದನ್ನೂ ನೋಡಬೇಕು. ಎಲ್ಲರೂ ಮೇಲಿನ ಅಂಕಿ ಮಾತ್ರ ನೋಡುತ್ತಾರೆ.

ಬೆಂಗಳೂರಿಗೆ ಬರುವುದಿದ್ದರೆ ಎಸ್‌ಪಿ ರೋಡ್‌ನಲ್ಲಿ ಮಾಡ್ಯೂಲ್, ಕೆಪಾಸಿಟರ್, ಸಿಲಿಕೋನ್ ವೈರ್ ಎಲ್ಲ ಸಿಗುತ್ತದೆ. ವೈರ್ ಬಗ್ಗೆಯೂ ಹೇಳಿಬಿಡುತ್ತೇನೆ. ಸರ್ವೋ ಜೊತೆ ಬರುವ ತೆಳು ತಂತಿ 26 ಗೇಜ್ ಆಸುಪಾಸು ಇರುತ್ತದೆ (ಅಂಕಿ ಹೆಚ್ಚಿದಷ್ಟೂ ತಂತಿ ತೆಳು). 30 ಸೆಂಟಿಮೀಟರ್ ಹೋಗಿ ಬಂದರೆ 4 ಆಂಪ್‌ನಲ್ಲಿ ಸುಮಾರು 0.3 ವೋಲ್ಟ್ ತಂತಿಯಲ್ಲೇ ಹೋಗುತ್ತದೆ. ಬಿಇಸಿಯಿಂದ ಸರ್ವೋ ಹತ್ತಿರದ ತನಕ 20 ಅಥವಾ 22 ಗೇಜ್ ಎಳೆಯಿರಿ, ಎಕ್ಸ್‌ಟೆನ್ಷನ್ ತಂತಿ ಬಳಸಬೇಡಿ.


ದೀಪದ_ಗಾಡಿ:

ಲೈಟ್ ವಿಷಯ ನನಗೆ ಬಿಡಿ.

ಎಲ್‌ಇಡಿಗೆ ವೋಲ್ಟೇಜ್ ಕೊಡುವುದಕ್ಕಿಂತ ಕರೆಂಟ್‌ಗೆ ಮಿತಿ ಹಾಕುವುದು ಮುಖ್ಯ. ಬಿಳಿ ಎಲ್‌ಇಡಿ ಸುಮಾರು 3.2 ವೋಲ್ಟ್ ಇಟ್ಟುಕೊಳ್ಳುತ್ತದೆ, ಕೆಂಪು 2 ವೋಲ್ಟ್. 5 ಮಿಲಿಮೀಟರ್ ಎಲ್‌ಇಡಿಗೆ 20 ಮಿಲಿಆಂಪ್ ಸಾಕು. ಸಪ್ಲೈ 5 ವೋಲ್ಟ್ ಆದರೆ ಬಿಳಿಗೆ ಉಳಿಯುವುದು 1.8, ಭಾಗಿಸಿದರೆ 90 ಓಮ್, 100 ಓಮ್ ಹಾಕಿ. ಕೆಂಪಿಗೆ 3 ವೋಲ್ಟ್ ಉಳಿಯುತ್ತದೆ, 150 ಓಮ್. 6 ವೋಲ್ಟ್ ಸಪ್ಲೈ ಆದರೆ ಬಿಳಿಗೆ 150, ಕೆಂಪಿಗೆ 220. ಹಿಂದಿನ ಲೈಟ್ ಅಷ್ಟು ಪ್ರಖರ ಇರುವುದು ಚೆಂದ ಅಲ್ಲ, ನಾನಂತೂ ಕೆಂಪಿಗೆ 470 ಹಾಕುತ್ತೇನೆ. ಬ್ರೇಕ್ ಲೈಟ್ ಬೇರೆ ಇದ್ದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಪ್ರತಿ ಎಲ್‌ಇಡಿಗೂ ಅದರದ್ದೇ ರೆಸಿಸ್ಟರ್ ಇರಲಿ. ನಾಲ್ಕನ್ನು ಪಕ್ಕಪಕ್ಕ ಜೋಡಿಸಿ ಒಂದೇ ರೆಸಿಸ್ಟರ್ ಹಾಕಿದರೆ ಒಂದು ಜಾಸ್ತಿ ಎಳೆದು ಮೊದಲು ಹೋಗುತ್ತದೆ, ಅದರ ಪಾಲಿನ ಕರೆಂಟ್ ಉಳಿದ ಮೂರಕ್ಕೆ ಬಿದ್ದು ಅವೂ ಬೇಗ ಹೋಗುತ್ತವೆ.

ರೂಫ್ ಬಾರ್ ವಿಷಯ. 12 ವೋಲ್ಟ್ ಎಲ್‌ಇಡಿ ಪಟ್ಟಿ ಅಂದರೆ ಮೂರು ಬಿಳಿ ಎಲ್‌ಇಡಿ ಸಾಲಾಗಿ, ಜೊತೆಗೊಂದು ರೆಸಿಸ್ಟರ್. ಅದಕ್ಕೇ ಆ ಪಟ್ಟಿಯನ್ನು ಮೂರು ಮೂರರ ಲೆಕ್ಕದಲ್ಲಿ ಕತ್ತರಿಸುವ ಗುರುತು ಇರುತ್ತದೆ. ಮೂರು ಎಲ್‌ಇಡಿಗೆ 9.6 ವೋಲ್ಟ್ ಬೇಕು. 12 ವೋಲ್ಟ್‌ನಲ್ಲಿ 20 ಮಿಲಿಆಂಪ್ ಹರಿಯುವ ಪಟ್ಟಿ 3ಎಸ್ ಫುಲ್ ಇದ್ದಾಗ 25ರಷ್ಟು, 10.5ಕ್ಕೆ ಇಳಿದಾಗ ಹತ್ತರ ಆಸುಪಾಸು ಎಳೆಯುತ್ತದೆ. ಅಂದರೆ ನೇರ 3ಎಸ್‌ಗೆ ಹಾಕಿದರೆ ಏನೂ ಸುಡುವುದಿಲ್ಲ, ಬ್ಯಾಟರಿ ಇಳಿದಂತೆ ಮಂಕಾಗುತ್ತದೆ. ನನಗೆ ಅದು ಇಷ್ಟವೇ. ಬಾರ್ ಮಂಕಾದರೆ ಮನೆಗೆ ಹೊರಡುವ ಹೊತ್ತು ಅಂತ ಗೊತ್ತಾಗುತ್ತದೆ. ಒಂದು ಆಂಪ್ ಫ್ಯೂಸ್ ಹಾಕಿ, ಬ್ಯಾಟರಿಯಿಂದ ನೇರ ಎಳೆದ ತೆಳು ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ತಂತಿಯೇ ಕೆಂಪಾಗುತ್ತದೆ. ಲಿಪೋ ಸುಮ್ನೆ ಇರುವುದಿಲ್ಲ.

ಬೆಳಕು ಒಂದೇ ಸಮ ಇರಬೇಕು ಅಂದರೆ ಏರಿಸಿ ಇಳಿಸುವ ಎರಡೂ ಕೆಲಸ ಮಾಡುವ ಬಕ್ ಬೂಸ್ಟ್ ಮಾಡ್ಯೂಲ್ ಬೇಕು, 12ಕ್ಕೆ ಹೊಂದಿಸಿ. ತಮ್ಮನ 2ಎಸ್ ಟ್ರಕ್‌ನಲ್ಲಿ ಇದೇ ಬಾರ್ ಹಾಕಿದರೆ ಹತ್ತುವುದೇ ಇಲ್ಲ, ಅಲ್ಲಿ ಎಂಟಿ3608 ಥರದ ಬೂಸ್ಟ್ ಮಾಡ್ಯೂಲ್ ಹಾಕಬೇಕು, 2 ವೋಲ್ಟ್‌ನಿಂದಲೇ ಕೆಲಸ ಮಾಡುತ್ತದೆ. ಒಂದು ವ್ಯಾಟ್‌ನ ದೊಡ್ಡ ಎಲ್‌ಇಡಿ ಹಾಕುವವರು ರೆಸಿಸ್ಟರ್ ಬಿಟ್ಟು 350 ಮಿಲಿಆಂಪ್‌ನ ಕರೆಂಟ್ ಡ್ರೈವರ್ ಹಾಕಿ, ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೂರಿಸಿ.

ರಿಮೋಟ್‌ನಿಂದ ಲೈಟ್ ಹಾಕಿ ಆರಿಸಲು ಮೂರನೇ ಚಾನೆಲ್‌ಗೆ ಸಣ್ಣ ಸ್ವಿಚ್ ಮಾಡ್ಯೂಲ್ ಸಿಗುತ್ತದೆ. ರಿಸೀವರ್‌ನಿಂದ ಸಿಗ್ನಲ್ ಮಾತ್ರ ಅದಕ್ಕೆ ಹೋಗಲಿ, ಲೈಟಿನ ಕರೆಂಟ್ ಎಲ್‌ಎಂ2596ನಿಂದಲೇ ಬರಲಿ. ಲೈಟಿನ ಸಪ್ಲೈ ಬೇರೆ ಇದ್ದರೆ ಸರ್ವೋ ಏನೇ ಮಾಡಿದರೂ ಹೆಡ್‌ಲೈಟ್ ಮಂಕಾಗುವುದಿಲ್ಲ. ನಿಮ್ಮ 7805 ಬ್ಯಾಟರಿಯಿಂದಲೇ ಬಂದಿದ್ದರೂ ಸರ್ವೋ ಸಿಕ್ಕಿಕೊಂಡಾಗ ಲೈಟ್ ಮಂಕಾಗುತ್ತಿತ್ತು ಅಂದಿರಿ. 12ರಿಂದ 5 ಮಾಡುವಾಗ ಬ್ಯಾಟರಿ ಸ್ವಲ್ಪ ಇಳಿದರೆ ಹಾಗೆ ಆಗಬಾರದು. ಲೈಟಿನ ಗ್ರೌಂಡ್ ತಂತಿ ಎಲ್ಲಿಗೆ ಹೋಗಿದೆ ನೋಡಿ, ರಿಸೀವರ್‌ನ ಪಿನ್‌ಗೆ ಹೋಗಿದ್ದರೆ ಅಲ್ಲಿಂದ ತೆಗೆದು ಬ್ಯಾಟರಿಯ ಕಪ್ಪು ತಂತಿಗೆ ಬೆಸುಗೆ ಹಾಕಿ.


ಹಾಸನ_ಟ್ರೈಲ್:

ದೀಪದ_ಗಾಡಿ ಸರ್, ನೀವು ಹೇಳಿದ್ದು ನಿಜ. 7805ರ ಇನ್‌ಪುಟ್ ಬ್ಯಾಟರಿಯಿಂದ, ಗ್ರೌಂಡ್ ಮಾತ್ರ ರಿಸೀವರ್‌ನ ಖಾಲಿ ಪಿನ್‌ನಿಂದ ಬಂದಿತ್ತು. ಬದಲಿಸಿದೆ.

ಬಿಇಸಿ ಬಂತು. 6 ವೋಲ್ಟ್‌ಗೆ ಜಂಪರ್ ಇಟ್ಟು ಸರ್ವೋಗೆ ನೇರ ಕೊಟ್ಟಿದ್ದೇನೆ, ರಿಸೀವರ್ ಇಎಸ್‌ಸಿಯ ಬಿಇಸಿಯಲ್ಲೇ ಇದೆ. ಲೈಟಿಗೆ ಎಲ್‌ಎಂ2596, 5 ವೋಲ್ಟ್. ಅದೇ ಕಲ್ಲುಗಳ ನಡುವೆ ಬೇಕಂತಲೇ ಚಕ್ರ ಸಿಕ್ಕಿಸಿ ಸ್ಟೀರಿಂಗ್ ಎಳೆದೆ. ರಿಸೀವರ್ ಆರಲಿಲ್ಲ, ಹೆಡ್‌ಲೈಟ್ ಅಲುಗಾಡಲಿಲ್ಲ, ಸರ್ವೋ ಕಲ್ಲನ್ನೇ ಸರಿಸಿತು. ಬಿಇಸಿ ಕೈಗೆ ಬೆಚ್ಚಗೆ ಅನ್ನಿಸುತ್ತದೆ ಅಷ್ಟೇ. ರೂಫ್ ಬಾರ್ ಫ್ಯೂಸ್ ಹಾಕಿ ನೇರ ಬ್ಯಾಟರಿಗೆ.

ಒಂದೇ ಸಂಶಯ. ಬ್ಯಾಟರಿ ಇಳಿದಾಗ ಇಎಸ್‌ಸಿ ಮೋಟರ್ ನಿಲ್ಲಿಸುತ್ತದೆ. ಆಗ ಈ ಲೈಟೂ, ಬಿಇಸಿಯೂ ನಿಲ್ಲುತ್ತವಾ?


ಬೆಸುಗೆ_ಕಡ್ಡಿ:

ಇಲ್ಲ. ಇಎಸ್‌ಸಿಯ ಕಟ್‌ಆಫ್ ಮೋಟರಿಗೆ ಮಾತ್ರ. ಬ್ಯಾಟರಿಯಿಂದ ನೇರ ಬಂದ ಬಿಇಸಿ, ಎಲ್‌ಎಂ2596, ರೂಫ್ ಬಾರ್ ಎಲ್ಲವೂ ಎಳೆಯುತ್ತಲೇ ಇರುತ್ತವೆ. ಇಎಸ್‌ಸಿಯ ಸ್ವಿಚ್ ಆಫ್ ಮಾಡಿದರೂ ಅವು ಆಫ್ ಆಗುವುದಿಲ್ಲ, ಯಾಕೆಂದರೆ ಆ ಸ್ವಿಚ್ ಅವುಗಳ ದಾರಿಯಲ್ಲೇ ಇಲ್ಲ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಪ್ಯಾಕ್ ಸತ್ತಿರುತ್ತದೆ. ಲಿಪೋ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಹೋದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಬ್ಯಾಲೆನ್ಸ್ ಪ್ಲಗ್‌ಗೆ ಚುಚ್ಚುವ ಲಿಪೋ ಅಲಾರ್ಮ್ ಒಂದು ತರಿಸಿ, ಸೆಲ್‌ಗೆ 3.5 ವೋಲ್ಟ್‌ಗೆ ಇಡಿ. ಅದು ಮೂರೂ ಸೆಲ್ ಬೇರೆ ಬೇರೆ ನೋಡುತ್ತದೆ. ಓಡಿಸಿ ಮುಗಿದ ಕೂಡಲೇ ಬ್ಯಾಟರಿ ಪ್ಲಗ್ ಕಿತ್ತುಬಿಡಿ, ಅಲಾರ್ಮ್ ಕೂಡ. ಅಲಾರ್ಮೂ ಸ್ವಲ್ಪ ಕರೆಂಟ್ ಎಳೆಯುತ್ತದೆ. ಮತ್ತೆ ನೀವು ಹೊಳೆ ದಂಡೆಯಲ್ಲಿ ಓಡಿಸುವವರು, ಎಲ್‌ಎಂ2596ಗೆ ನೀರು ತಾಗದಂತೆ ದೊಡ್ಡ ಹೀಟ್ ಶ್ರಿಂಕ್ ಹಾಕಿ ಎರಡೂ ತುದಿಗೆ ಸಿಲಿಕೋನ್ ತುಂಬಿಸಿ. ಪಾಟ್ ಹೊಂದಿಸಿ, ಮೀಟರ್‌ನಲ್ಲಿ 5 ಬಂದಿದ್ದು ನೋಡಿ, ಆಮೇಲೆ ಮುಚ್ಚಿ.